ನಂಬರ್ ನೋಡಿದೆ, ನಂಬರ್ ಕೂತಿದ್ದ ಜಾಗ ನೋಡಲಿಲ್ಲ

ಹಳೇ ಟ್ರಯಂಫ್ ಬೈಕ್ ರಿಪೇರಿಗೆ ಇಳಿದವರು ಇದನ್ನು ಓದಿ, ಆಮೇಲೆ ದುಡ್ಡು ಕಳಿಸಿ. ನಾನು ಮೊದಲು ದುಡ್ಡು ಕಳಿಸಿದ್ದೆ.

ನನ್ನದು 1970ರ ಮಾಡೆಲ್, 650 ಸಿಸಿ ಬಾನವಿಲ್. ಚೈನ್ ತುಂಡಾಗಿ ಕ್ರ್ಯಾಂಕ್‌ಕೇಸ್, ಅಂದರೆ ಕ್ರ್ಯಾಂಕ್ ಎಂಬ ತಿರುಗುವ ದಂಡ ಕೂರುವ ಇಂಜಿನ್ನಿನ ಕೆಳಗಿನ ಪೆಟ್ಟಿಗೆ, ಒಡೆದಿತ್ತು. ಅದೇ ವರ್ಷದ್ದು ತಮ್ಮ ಹತ್ತಿರ ಇದೆ ಎಂದು ಒಬ್ಬರು ಫೋಟೋ ಕಳಿಸಿದರು. ಇಂಜಿನ್ ನಂಬರ್ 'ಜೆಡಿ' ಎಂದು ಶುರುವಾಗಿತ್ತು. ಮೊದಲ ಅಕ್ಷರ ತಿಂಗಳು, ಎರಡನೆಯದು ಮಾಡೆಲ್ ವರ್ಷ. ಜೆ ಅಂದರೆ ಆಗಸ್ಟ್, ಡಿ ಅಂದರೆ 1970. ಆದರೆ ಹೊಸ ಮಾಡೆಲ್ ಹಿಂದಿನ ವರ್ಷದ ಆಗಸ್ಟ್‌ನಲ್ಲೇ ಶುರುವಾಗುತ್ತಿತ್ತು, ಹಾಗಾಗಿ ಇದು ತಯಾರಾಗಿದ್ದು 1969ರ ಆಗಸ್ಟ್‌ನಲ್ಲಿ. ಇಷ್ಟು ಬಿಡಿಸಿದ್ದಕ್ಕೇ ನಾನು ಭಾರೀ ಜಾಣ ಅಂದುಕೊಂಡುಬಿಟ್ಟೆ.

ಸಾಮಾನು ಬಂತು. ಜಿಡ್ಡು ತೊಳೆದೆ. ನಂಬರ್ ಇರುವ ಪಟ್ಟಿ ಕನ್ನಡಿ ಹಾಗೆ ನುಣ್ಣಗಿತ್ತು. ಎದೆ ಧಸಕ್ಕೆಂದಿತು. ಆ ಹೊತ್ತಿಗೆ ಟ್ರಯಂಫ್ ಆ ಪಟ್ಟಿಯ ತುಂಬ ತನ್ನ ಲಾಂಛನವನ್ನು ಸಣ್ಣದಾಗಿ ಉಬ್ಬಿಸಿ, ಅದರ ಮೇಲೆ ನಂಬರ್ ಪಂಚ್ ಮಾಡುತ್ತಿತ್ತು. ಹಳೇ ನಂಬರ್ ಉಜ್ಜಿದರೆ ಲಾಂಛನವೂ ಅಳಿಸಿಹೋಗುತ್ತದೆ. ನನ್ನದರಲ್ಲಿ ಒಂದೇ ಒಂದು ಲಾಂಛನ ಇರಲಿಲ್ಲ. ಫೋಟೋ ತೆಗೆದಿದ್ದು ನೇರವಾಗಿ ಫ್ಲ್ಯಾಶ್ ಹಾಕಿ, ಏನು ತಾನೇ ಕಾಣುತ್ತೆ? ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟು ತೆಗೆದ ಫೋಟೋ ಕೇಳಬೇಕಿತ್ತು.

ಅಡಿ ತಿರುಗಿಸಿದರೆ ಇನ್ನೊಂದು ಪೆಟ್ಟು. ಕ್ರ್ಯಾಂಕ್‌ಕೇಸ್ ಎರಡು ಹೋಳು. ಅವೆರಡನ್ನೂ ಜೋಡಿಸಿಯೇ ಬೇರಿಂಗ್ ಕೂರುವ ಜಾಗ ಕೊರೆಯುತ್ತಿದ್ದರು, ಜೋಡಿ ತಪ್ಪದಿರಲಿ ಎಂದು ಎರಡರ ತಳಕ್ಕೂ ಒಂದೇ ನಂಬರ್ ಹೊಡೆಯುತ್ತಿದ್ದರು. ನನಗೆ ಬಂದಿದ್ದರಲ್ಲಿ ಎಡಕ್ಕೊಂದು ನಂಬರ್, ಬಲಕ್ಕೊಂದು. ಕ್ರ್ಯಾಂಕ್ ಇಟ್ಟು ಬೋಲ್ಟ್ ಬಿಗಿ ಮಾಡಿದೆ. ಕೈಯಲ್ಲಿ ತಿರುಗಲೇ ಇಲ್ಲ.

ಫೋನ್ ಮಾಡಿದರೆ, "ಒಳಗಡೆ ನಂಬರ್ ಇದೆಯಲ್ಲ ಸರ್, ಒರಿಜಿನಲ್" ಎಂದರು. ಅದು ಉಬ್ಬಿದ ನಂಬರ್, ಎರಕದ ಅಚ್ಚಿನಲ್ಲೇ ಬಂದದ್ದು. ಆ ಅಚ್ಚಿನಿಂದ ಇಳಿದ ಪ್ರತಿಯೊಂದರ ಮೇಲೂ ಅದೇ ಇರುತ್ತದೆ. ಹಾಗಂತ ತಗ್ಗಾಗಿ ಪಂಚ್ ಮಾಡಿದ್ದೆಲ್ಲ ಸೀರಿಯಲ್ ನಂಬರ್ ಅಂತಲೂ ಅಲ್ಲ. ಅಮಾಲ್ ಕಾರ್ಬೊರೇಟರ್ ಮೇಲೆ 930 ಇದ್ದರೆ ಅದು 900 ಸರಣಿಯದು, 30 ಮಿ.ಮೀ. ಬಾಯಿಯದು, ಅಷ್ಟೇ. ಲ್ಯೂಕಾಸ್ ಕಂಪನಿಯ ಎಲೆಕ್ಟ್ರಿಕ್ ಸಾಮಾನಿನ ಮೇಲೆ ದೊಡ್ಡದಾಗಿ ಇರುವುದು ಪಾರ್ಟ್ ನಂಬರ್. ಪಕ್ಕದಲ್ಲಿ ಸಣ್ಣದಾಗಿ ತಿಂಗಳು, ವರ್ಷ ಇದ್ದರೆ ಅದೇ ನಮಗೆ ಬೇಕಾದದ್ದು. ಇಂಥ ಅಚ್ಚಿನ ನಂಬರ್, ಪಾರ್ಟ್ ನಂಬರ್‌ಗಳನ್ನೆಲ್ಲ 'ಮ್ಯಾಚಿಂಗ್ ನಂಬರ್' (ಒಂದೇ ಗಾಡಿಯ ಮೂಲ ಜೋಡಿ) ಎಂದು ಜಾಸ್ತಿ ದುಡ್ಡಿಗೆ ಮಾರುವವರಿದ್ದಾರೆ.

ಇನ್ನೊಂದು ಸುಲಭದ ಗುರುತು. ಟ್ರಯಂಫ್‌ನ ಆ ಎರಡಕ್ಷರದ ಕೋಡ್‌ನಲ್ಲಿ ಎಫ್, ಐ, ಎಲ್, ಎಂ ಬರುವುದೇ ಇಲ್ಲ. 'ಎಫ್‌ಡಿ' ಅಂತ ಯಾರಾದರೂ ತೋರಿಸಿದರೆ ಮಾತು ಅಲ್ಲಿಗೇ ನಿಲ್ಲಿಸಿ. ತಳದ ಫೋಟೋ ಕೇಳಿದಾಗ "ಗ್ರೀಸ್ ಮೆತ್ತಿದೆ, ಕಾಣಲ್ಲ" ಅಂದರೂ ಅಷ್ಟೇ.

ದುಡ್ಡು ವಾಪಸ್ ಬರಲಿಲ್ಲ, ಈಗ ಫೋನೂ ಎತ್ತುವುದಿಲ್ಲ. ನಂಬರ್ ಉಜ್ಜಿದ ಸಾಮಾನು ಕದ್ದದ್ದೂ ಇರಬಹುದು. ಅದನ್ನು ಇನ್ನೊಬ್ಬರ ತಲೆಗೆ ಕಟ್ಟಲು ಮನಸ್ಸಿಲ್ಲ, ಬೆಂಚಿನ ಕೆಳಗೆ ಬಿದ್ದಿದೆ. ನನ್ನ ಒಡೆದ ಕೇಸನ್ನೇ ವೆಲ್ಡಿಂಗ್‌ಗೆ ಕೊಟ್ಟಿದ್ದೇನೆ. ಕೊಡುವ ಮುಂಚೆ ಅದರ ನಂಬರ್ ಪಟ್ಟಿಗೆ ಎರಡು ಸುತ್ತು ಟೇಪ್ ಅಂಟಿಸಿ, "ಇಲ್ಲಿ ಗ್ರೈಂಡರ್ ತಾಗಿಸಬೇಡಿ" ಎಂದು ಬರೆದು ಕಳಿಸಿದೆ.