ಮನೆ ಕೆಲಸಕ್ಕೆ ಅಕೇಶಿಯಾ: ಮಂಚಕ್ಕೆ ಸರಿ, ಬಾಗಿಲಿಗೆ ಬೇಡ

ಮಲೆನಾಡಿನ ಸಾಮಿಲ್‌ಗಳಲ್ಲಿ ಸಾಗುವಾನಿಯ ಬೆಲೆ ಕೇಳಿ ಹಿಂದೆ ಸರಿದವರಿಗೆ ತೋರಿಸುವ ನಾಟಾ ಸಾಮಾನ್ಯವಾಗಿ ಅಕೇಶಿಯಾ. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯ ಈ ಮರವನ್ನು ನಮ್ಮಲ್ಲಿ ಬೆಳೆಸಿದ್ದು ಪೀಠೋಪಕರಣದ ಉದ್ದೇಶದಿಂದಲ್ಲ; ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷಗಳ ಗುತ್ತಿಗೆಗೆ ಕೊಟ್ಟ ಅರಣ್ಯಭೂಮಿಯಲ್ಲಿ ಕಾಗದದ ತಿರುಳಿಗೆಂದು, ಉಳಿದೆಡೆ ಸೌದೆಗೆಂದು ಮತ್ತು ಬೋಳುಗುಡ್ಡಗಳನ್ನು ಹಸಿರಾಗಿಸಲೆಂದು. ನಮ್ಮ ಮನೆಯ ಮಂಚ, ಕಪಾಟು ಮತ್ತು ಹಿತ್ತಿಲ ಬಾಗಿಲಿಗೆ ಇದನ್ನೇ ಬಳಸಿದ್ದರಿಂದ ಅದರ ಗುಣದೋಷಗಳನ್ನು ಹತ್ತಿರದಿಂದ ನೋಡುವ ಅವಕಾಶ ದೊರೆಯಿತು.

ಮೊದಲು ಗುಣ. ಚೇಗು, ಅಂದರೆ ದಿಮ್ಮಿಯ ಒಳಗಿನ ಗಟ್ಟಿ ಭಾಗ, ಕಂದುಗೆಂಪು ಬಣ್ಣದ್ದು. ಪಾಲಿಶ್ ಹಚ್ಚಿದ ಮೇಲೆ ಅದರಲ್ಲಿ ಅಲೆಯಲೆಯಾಗಿ ಏಳುವ ಗೆರೆಗಳು ಬೀಟೆಯನ್ನು ನೆನಪಿಸುತ್ತವೆ. ತೂಕದಲ್ಲಿ ಸಾಗುವಾನಿಗೆ ಕಡಿಮೆಯಿಲ್ಲ. ರಂಧ್ರ ಕೊರೆಯದೆ ಮೊಳೆ ಹೊಡೆದರೆ ಹಲಗೆ ಸೀಳುವುದರಿಂದ ಆಚಾರಿಗಳು ಪ್ರತಿ ಸ್ಕ್ರೂಗೂ ಮೊದಲು ಡ್ರಿಲ್ ಹಿಡಿಯುತ್ತಾರೆ, ಕೂಲಿಯಲ್ಲೂ ಅದನ್ನು ಸೇರಿಸುತ್ತಾರೆ. ಮಂಚದ ಕಾಲು, ಕುರ್ಚಿ, ಕಪಾಟಿನ ಚೌಕಟ್ಟಿನಂತಹ ಗಿಡ್ಡ ತುಂಡುಗಳ ಕೆಲಸಕ್ಕೆ ಈ ಬೆಲೆಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಹಿತ್ತಿಲ ಬಾಗಿಲಿನ ಕಥೆಯೇ ಬೇರೆ. ಹಲಗೆ ಪೂರ್ತಿ ಒಣಗಿದೆಯೆಂದು ಮಾರಿದವರು ಭರವಸೆ ಕೊಟ್ಟಿದ್ದರೂ ಮೊದಲ ಬೇಸಿಗೆಯಲ್ಲೇ ಬಾಗಿಲು ಸೊಟ್ಟಗಾಗಿ ಚಿಲಕದ ಕಡೆ ಬೆರಳು ತೂರುವಷ್ಟು ಸಂದು ಬಿಟ್ಟಿತು. ಅಕೇಶಿಯಾದ ಕಾಂಡ ಸಾಮಾನ್ಯವಾಗಿ ನೆಟ್ಟಗಿರುವುದಿಲ್ಲ, ಗಂಟುಗಳೂ ಹೆಚ್ಚು; ಅವಸರದಲ್ಲಿ ಒಣಗಿಸಿದರೆ ಸೀಳುತ್ತದೆ, ಅರೆಬರೆ ಒಣಗಿಸಿದರೆ ತಿರುಚಿಕೊಳ್ಳುತ್ತದೆ. ತೇವಾಂಶ ಶೇ. 12ರ ಆಸುಪಾಸಿಗೆ ಇಳಿದಿದೆಯೇ ಎಂದು ಮೀಟರ್ ಒತ್ತಿ ತೋರಿಸಲು ಒಪ್ಪದ ಅಂಗಡಿಯಲ್ಲಿ ಉದ್ದನೆಯ ಹಲಗೆಯನ್ನು ಕೊಳ್ಳಲೇಬಾರದು.

ಮಳೆ ಬಡಿಯುವ ಬಾಗಿಲು, ಕಿಟಕಿಗಳಿಗೆ ನಮ್ಮ ಹೊನ್ನೆ, ಹಲಸುಗಳೇ ವಾಸಿ. ಹೊನ್ನೆಗೆ ಒಂದು ಚಾಳಿಯಿದೆ: ಒದ್ದೆಯಾದರೆ ಹಳದಿ ಬಣ್ಣ ಬಿಟ್ಟು ಪಕ್ಕದ ಸುಣ್ಣದ ಗೋಡೆಗೆ ಕಲೆ ಮಾಡುತ್ತದೆ. ಹಲಸು ಹೊಸದರಲ್ಲಿ ಅರಿಶಿನದಂತಿದ್ದು ವರ್ಷಗಳು ಕಳೆದಂತೆ ಕೆಂಪಾಗುತ್ತದೆ. ಆ ಬಣ್ಣ ಯಾವ ಪಾಲಿಶ್‌ನಿಂದಲೂ ಬರುವುದಿಲ್ಲ. ತೊಲೆ, ಪಕಾಸಿಗಳಿಗೆ ಮತ್ತಿ ಮತ್ತು ನಂದಿ ಹಿಂದಿನಿಂದಲೂ ಬಂದಿರುವ ಮರಗಳು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸಿಲ್ವರ್ ಓಕ್ ಹಗುರ, ನೆಟ್ಟಗಿನ ಮರ; ಪ್ಲೈವುಡ್ಡಿಗೆ, ಒಳಗಿನ ಪ್ಯಾನೆಲ್ಲಿಗೆ ಸಾಕು, ಭಾರ ಹೊರಿಸುವಂತಿಲ್ಲ.

ಅಕೇಶಿಯಾವನ್ನೇ ಕೊಳ್ಳುವವರು ದಿಮ್ಮಿಯ ಅಂಚಿನ ಹಳದಿ ಭಾಗವನ್ನು ಗಮನಿಸಬೇಕು, ಏಕೆಂದರೆ ಹುಳು ಹಿಡಿಯುವುದು ಅಲ್ಲಿಂದಲೇ. ಅದನ್ನು ಕೊಯ್ದು ತೆಗೆಸಿ, ಉಳಿದ ಚೇಗಿಗೆ ಮಾತ್ರ ಘನ ಅಡಿ ಲೆಕ್ಕ ಹಾಕಿಸಿಕೊಳ್ಳಿ. ತೆಗೆಯಲಾಗದ ಕಡೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿಕೊಡಲು ಪಾಲಿಶ್‌ಗೆ ಮೊದಲೇ ಹೇಳಿಡಿ.