ಎರೆಮಣ್ಣಿನ ಮಡಿಯೋ, ಮಾಳಿಗೆ ಮೇಲಿನ ಗ್ರೋ ಬ್ಯಾಗೋ: ಕಲಬುರಗಿ ಬಿಸಿಲಲ್ಲಿ ಎರಡು ವರ್ಷ ಬೆಳೆದು ನೋಡಿದ್ದು

ಎರಡು ವರ್ಷದಿಂದ ಒಂದೇ ಪೊಟ್ಟಣದ ಬೀಜವನ್ನು ಎರಡು ಪಾಲು ಮಾಡುತ್ತಿದ್ದೇನೆ. ಒಂದು ಪಾಲು ಹಿತ್ತಲಿನ ಎರೆಮಣ್ಣಿಗೆ, ಅಂದರೆ ಕಪ್ಪು ಮಣ್ಣಿಗೆ, ಇನ್ನೊಂದು ಮಾಳಿಗೆ ಮೇಲಿನ ಗ್ರೋ ಬ್ಯಾಗಿಗೆ, ಅಂದರೆ ಗಿಡ ಬೆಳೆಸುವ ಚೀಲಕ್ಕೆ. ಕಲಬುರಗಿಯಲ್ಲಿ ಮನೆಗೆ ಬೇಕಾದ ಕಾಯಿಪಲ್ಯ ಬೆಳೆಯೋಣ ಅಂದವರಿಗೆಲ್ಲ ಮೊದಲು ಸಿಗುವ ಸಲಹೆ "ಗ್ರೋ ಬ್ಯಾಗ್ ತಗೊಳ್ಳಿ, ಕೋಕೋಪೀಟ್ ತುಂಬಿ" ಅನ್ನೋದು. ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ. ನಾನು ನೋಡಿದ ವಿಡಿಯೊಗಳೆಲ್ಲ ಬೆಂಗಳೂರು, ಮೈಸೂರು ಕಡೆಯವು. ಅಲ್ಲಿನ ಬೇಸಿಗೆ ಬೇರೆ, ನಮ್ಮದು ಬೇರೆ. ಇಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟೋದು ಮಾಮೂಲು. ಹಿತ್ತಲಲ್ಲಿ ನಾಲ್ಕು ಅಡಿ ನೆಲ ಇದ್ದರೂ ಸರಿ, ಮೊದಲು ನೆಲಕ್ಕೇ ಹಾಕಿ ಅನ್ನುವವಳು ನಾನು. ಆದರೆ ಎಲ್ಲ ಬೆಳೆಗೂ ಅಲ್ಲ.

ಹಿತ್ತಲಲ್ಲಿ ಮೂರು ಮಡಿ, ಒಂದೊಂದು ಮೂರಡಿ ಅಗಲ, ಎಂಟಡಿ ಉದ್ದ. ಮಾಳಿಗೆ ಮೇಲೆ 12 ಇಂಚಿನ ಬ್ಯಾಗು 24. ಎರಡೂ ಕಡೆ ಬದನೆ, ಬೆಂಡೆ, ಟೊಮೆಟೊ, ಚವಳಿ (ಗೋರಿಕಾಯಿ), ಮೆಂತೆ, ಕೊತ್ತಂಬರಿ, ಪುಂಡಿ ಸೊಪ್ಪು, ಮೂಲಂಗಿ.

ಮೊದಲ ವರ್ಷ ಖರ್ಚು ಉಳಿಸಲು ಹಿತ್ತಲಿನ ಎರೆಮಣ್ಣನ್ನೇ ಹತ್ತು ಬ್ಯಾಗಿಗೆ ತುಂಬಿದ್ದೆ. ಇದನ್ನು ಯಾರೂ ಮಾಡಬೇಡಿ. ಎರೆಮಣ್ಣು ಹಸಿ ಇದ್ದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ನೆಲದಲ್ಲಿ ಅದು ಬಿರುಕಾಗಿ ಕಾಣುತ್ತದೆ ಅಷ್ಟೇ. ಬ್ಯಾಗಿನಲ್ಲಿ ಮಾತ್ರ ಮಣ್ಣು ಮುದ್ದೆಯಾಗಿ ಗೋಡೆ ಬಿಟ್ಟು ಒಳಗೆ ಸರಿಯುತ್ತದೆ, ಆಮೇಲೆ ನೀವು ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಇಳಿದು ತಳದ ತೂತಿನಿಂದ ಹೊರಗೆ ಹೋಗುತ್ತದೆ, ನಡುವಿನ ಬೇರಿಗೆ ಹನಿಯೂ ಮುಟ್ಟುವುದಿಲ್ಲ. ದಿನಾ ನೀರು ಹಾಕಿದರೂ ಬದನೆ ಸಸಿ ಬಾಡುತ್ತಿತ್ತು. ಯಾಕೆ ಅಂತ ಗೊತ್ತಾಗಿದ್ದು ಒಂದು ಬ್ಯಾಗು ಹರಿದು ನೋಡಿದ ಮೇಲೆ. ಒಳಗೆ ಮಣ್ಣು ಇಟ್ಟಂಗಿಯಂತೆ ಗಟ್ಟಿಯಾಗಿತ್ತು.

ಆಮೇಲೆ ಬೀದರ್‌ನಲ್ಲಿರುವ ಅಕ್ಕನ ಮನೆಯಿಂದ ಕೆಂಪುಮಣ್ಣು ತಂದೆ. ಅಲ್ಲಿಯದು ಜಂಬಿಟ್ಟಿಗೆ ಮಣ್ಣು, ಸಡಿಲ, ನೀರು ಬೇಗ ಇಳಿಯುತ್ತದೆ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ಕೋಕೋಪೀಟ್, ಬ್ಯಾಗಿಗೊಂದು ಹಿಡಿ ಬೇವಿನ ಹಿಂಡಿ. ಬ್ಯಾಗಿಗೆ ಇದಕ್ಕಿಂತ ಚೆನ್ನಾಗಿ ಹೊಂದಿದ್ದು ನನಗೆ ಸಿಕ್ಕಿಲ್ಲ. ಬರೀ ಕೋಕೋಪೀಟ್ ಮತ್ತು ಗೊಬ್ಬರ ಹಾಕಿದ ಬ್ಯಾಗುಗಳು ಮಳೆಗಾಲದಲ್ಲಿ ಚೆನ್ನಾಗಿದ್ದವು, ಶರಣಬಸವೇಶ್ವರ ಜಾತ್ರೆ ಮುಗಿದು ಬಿಸಿಲು ಏರುತ್ತಿದ್ದ ಹಾಗೆ ಮಧ್ಯಾಹ್ನದೊಳಗೇ ಒಣಗತೊಡಗಿದವು.

ಈಗ ನೀರಿನ ವಿಷಯಕ್ಕೆ ಬರುತ್ತೇನೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಂಡಿದ್ದು ಇಲ್ಲೇ. ನಳದ ನೀರು ದಿನಾ ಬರುವ ಓಣಿ ನಮ್ಮದಲ್ಲ, ಹಾಗಾಗಿ ನಾನು ಕೊಡದ ಲೆಕ್ಕ ಇಡುತ್ತೇನೆ. ಮೇ ತಿಂಗಳಲ್ಲಿ ಒಂದೊಂದು ಬ್ಯಾಗಿಗೆ ಬೆಳಗ್ಗೆ ಎರಡು ಚೆಂಬು, ಸಂಜೆ ಎರಡು ಚೆಂಬು ಬೇಕು, ಒಂದು ಹೊತ್ತು ತಪ್ಪಿದರೂ ಗಿಡ ತಲೆ ಬಾಗಿಸುತ್ತದೆ. ನಾಲ್ಕು ದಿನಕ್ಕೆ 24 ಬ್ಯಾಗು ಕುಡಿದದ್ದು ಸುಮಾರು 25 ಕೊಡ. ಹಿತ್ತಲಿನ ಮೂರೂ ಮಡಿಗೆ ನಾಲ್ಕು ದಿನಕ್ಕೊಮ್ಮೆ 12 ಕೊಡ ಸಾಕಾಯಿತು, ಅದೂ ಬ್ಯಾಗುಗಳಿಗಿಂತ ಎಷ್ಟೋ ಹೆಚ್ಚು ಜಾಗಕ್ಕೆ. ಎರೆಮಣ್ಣು ಹಸಿ ಹಿಡಿದಿಟ್ಟುಕೊಳ್ಳುವ ಮಣ್ಣು ಅಲ್ವಾ, ಅದಕ್ಕೇ ನಮ್ಮ ಕಡೆ ಹಿಂಗಾರಿ ಜೋಳ ಮಳೆ ನಿಂತ ಮೇಲೂ ಬರೀ ಹಸಿಯ ಮೇಲೆ ಬೆಳೆಯುತ್ತದೆ. ಆದರೆ ಮಣ್ಣನ್ನು ಸುಮ್ನೆ ಬಯಲಿಗೆ ಬಿಟ್ಟರೆ ಬಿರುಕು ಬಿಟ್ಟು ಬೇರು ತುಂಡಾಗುತ್ತದೆ. ನಾನು ಜೋಳದ ಕಣಿಕೆ ಕತ್ತರಿಸಿ, ಒಣ ಎಲೆ ಸೇರಿಸಿ, ಮೂರು ಬೆರಳು ದಪ್ಪ ಹೊದಿಸಿದೆ. ಮೊದಲು ತೊಗರಿ ಹೊಟ್ಟು ಕೇಳಿದ್ದೆ, ಊರ ತುಂಬ ದಾಲ್ ಮಿಲ್ ಇವೆಯಲ್ಲ, ಆದರೆ ಅದು ದನದ ಮೇವಿಗೆ ಮಾರಾಟ ಆಗುವ ಮಾಲು, ಮಡಿಗೆ ಹೊದಿಸುವಷ್ಟು ಅಗ್ಗ ಅಲ್ಲ.

ಮಾಳಿಗೆಯ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮದು ಶಹಾಬಾದ್ ಫರಸಿ ಹಾಸಿದ ಮಾಳಿಗೆ. ಮಧ್ಯಾಹ್ನ ಬರಿಗಾಲು ಇಡೋಕೆ ಆಗೋದಿಲ್ಲ. ಕಲ್ಲಿನ ಮೇಲೆ ನೇರ ಇಟ್ಟ ಬ್ಯಾಗಿನ ತಳದ ಬೇರು ಬೆಂದೇ ಹೋಯಿತು. ಎರಡನೇ ವರ್ಷ ಇಟ್ಟಂಗಿ ಮೇಲೆ ಎತ್ತಿ ಇಟ್ಟೆ, 50 ಪರ್ಸೆಂಟ್ ನೆರಳು ಬಲೆ ಕಟ್ಟಿದೆ. ಬೆಂಡೆ, ಪುಂಡಿ ಬದುಕಿದವು. ಉಳಿದದ್ದಕ್ಕೆ ಬಲೆಯೂ ಸಾಲಲಿಲ್ಲ. ಈಗ ಏಪ್ರಿಲ್, ಮೇನಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಯಾಗು ಖಾಲಿ ಬಿಡುತ್ತೇನೆ.

ಹಾಗಂತ ಬ್ಯಾಗು ಬೇಡವೇ ಬೇಡ ಅನ್ನುವುದಿಲ್ಲ. ಮಳೆಗಾಲದಲ್ಲಿ ಲೆಕ್ಕ ಪೂರ್ತಿ ತಿರುಗುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮೂರು ದಿನ ಜಡಿ ಹಿಡಿದರೆ ಎರೆಮಣ್ಣಿನಲ್ಲಿ ನೀರು ಇಳಿಯುವುದೇ ಇಲ್ಲ. ಮೊದಲ ವರ್ಷ ಮಟ್ಟ ನೆಲಕ್ಕೆ ಹಾಕಿದ ಮೆಂತೆ ಎರಡೆಲೆ ಬಿಟ್ಟು ಕೊಳೆತು ಹೋಯಿತು, ಅದೇ ವಾರ ಬ್ಯಾಗಿನ ಮೆಂತೆಯನ್ನು ಎರಡು ಸಲ ಕಿತ್ತು ಪಲ್ಯ ಮಾಡಿದೆವು. ಕೊತ್ತಂಬರಿಯದೂ ಅದೇ ಕಥೆ. ಸೇಡಂ ಕಡೆಯ ಹಳ್ಳಿಯಲ್ಲಿ ಹೊಲ ಮಾಡಿ ಬಂದ ನಮ್ಮ ಅತ್ತೆ, ನಾನು ಮಳೆ ನಿಂತ ಮರುದಿನವೇ ಕುರ್ಪಿ ಹಿಡಿದು ಮಡಿಗೆ ಇಳಿದಾಗ, "ಯವ್ವಾ, ಎರಿ ಹಸಿ ಇದ್ದಾಗ ತುಳೀಬ್ಯಾಡ, ಕಲ್ಲ ಆಗತೈತಿ" ಅಂದರು. ಅವರ ಮಾತು ನಿಜ. ತುಳಿದ ಜಾಗ ಒಣಗಿದ ಮೇಲೆ ಗುದ್ದಲಿಗೂ ಬಗ್ಗಲಿಲ್ಲ. ಎರಡನೇ ವರ್ಷ ಮಡಿಯನ್ನು ಒಂದಡಿ ಏರಿಸಿ, ಸುತ್ತ ಕಾಲುವೆ ಬಿಟ್ಟು, ಕೊಟ್ಟಿಗೆ ಗೊಬ್ಬರ ಧಾರಾಳ ಸೇರಿಸಿದೆ. ಬದನೆ, ಚವಳಿ ಜಡಿಮಳೆಯಲ್ಲೂ ನಿಂತವು. ಮೆಂತೆ ಆಗಲೂ ಬ್ಯಾಗಿನಷ್ಟು ಬರಲಿಲ್ಲ.

ಮೂಲಂಗಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬ್ಯಾಗಿನಲ್ಲಿ ನೆಟ್ಟಗೆ, ಎರೆಯಲ್ಲಿ ಕವಲೊಡೆದು ಸೊಟ್ಟಗೆ.

ಟೊಮೆಟೊದಲ್ಲಿ ನನಗೆ ಕಲಿಯೋದು ಬಹಳ ಇತ್ತು. ಎರಡೂ ಕಡೆ ಹೆಸರಘಟ್ಟದ ಅರ್ಕಾ ರಕ್ಷಕ್ ತಳಿಯನ್ನೇ ಹಾಕಿದ್ದು. ಬ್ಯಾಗಿನ ಗಿಡ ಮೊದಲು ಹೂ ಬಿಟ್ಟಿತು, ನೋಡಲೂ ಚೆಂದ ಇತ್ತು. ಆದರೆ ಕಾಯಿಯ ತಳದಲ್ಲಿ ಕಪ್ಪು ಕಲೆ, ಮುಟ್ಟಿದರೆ ಒಳಗೆ ಮೆತ್ತಗೆ. ರೋಗ ಅಂತ ಔಷಧಿ ಹುಡುಕಿದೆ, ರೋಗ ಅಲ್ಲ ಅದು. ಒಮ್ಮೆ ಪೂರಾ ಒಣಗಿ ಒಮ್ಮೆ ನೀರು ತುಂಬಿದರೆ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲುಪುವುದಿಲ್ಲ, ಅದರಿಂದ ತಳ ಕೊಳೆಯುತ್ತದೆ. ನೆಲದಲ್ಲಿ ಹಸಿ ಒಂದೇ ಸಮ ಇರುವುದರಿಂದ ಅಂಥ ಕಾಯಿ ಬೆರಳೆಣಿಕೆಯಷ್ಟು ಸಿಕ್ಕವು. ಇನ್ನೊಂದು ಮಾತು: ಸಸಿಯನ್ನು ಆಗಸ್ಟ್ ಕೊನೆಗೆ ನಾಟಿ ಮಾಡಿ. ಜನವರಿಯಲ್ಲಿ ನಾಟಿ ಮಾಡಿದ ಗಿಡ ಹೂ ಬಿಡುವ ಹೊತ್ತಿಗೆ ಹಗಲು 35 ಡಿಗ್ರಿ ದಾಟಿತ್ತು, ಹೂ ಕಾಯಿ ಕಟ್ಟದೆ ಉದುರಿ ಹೋಯಿತು.

ನೆಲದ್ದೂ ಒಂದು ದೊಡ್ಡ ಕೊರತೆ ಇದೆ. ಚವಳಿ ಮತ್ತು ಬೆಂಡೆಯ ಎಳೆ ಎಲೆ ಹಳದಿ ತಿರುಗಿ ನರ ಮಾತ್ರ ಹಸಿರು ಉಳಿಯಿತು. ಬೆಂಡೆಗೆ ಬರುವ ಹಳದಿ ನರ ರೋಗದಲ್ಲಿ ನರವೇ ಹಳದಿ ಆಗುತ್ತದೆ, ಇದು ಅದಕ್ಕೆ ಉಲ್ಟಾ, ಕಬ್ಬಿಣದ ಕೊರತೆ. ನಮ್ಮ ಮಣ್ಣಿನಲ್ಲಿ ಸುಣ್ಣ ಜಾಸ್ತಿ, ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಮನೆ ಕಟ್ಟುವಾಗ ಬಿದ್ದ ಫರಸಿ ಚೂರು ಹಿತ್ತಲಲ್ಲೇ ಹೂತಿದ್ದರೆ ಇನ್ನೂ ಕಷ್ಟ, ಅದು ಸುಣ್ಣದ ಕಲ್ಲೇ. ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಮಣ್ಣಿಗೆ ಹಾಕಿದರೆ ಉಪಯೋಗ ಕಾಣಲಿಲ್ಲ. ಲೀಟರ್ ನೀರಿಗೆ 5 ಗ್ರಾಂ ಕಲಸಿ ಸ್ವಲ್ಪ ನಿಂಬೆರಸ ಹಿಂಡಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಹೊಸ ಎಲೆ ಹಸಿರಾಗಿ ಬಂತು. ಬ್ಯಾಗಿನ ಕೆಂಪುಮಣ್ಣಿನಲ್ಲಿ ಈ ತೊಂದರೆ ಬರಲಿಲ್ಲ. ಅಲ್ಲಿ ಬೋರ್ ನೀರಿನ ಬಿಳಿ ಉಪ್ಪು ಮೇಲೆ ಕಟ್ಟುತ್ತದೆ, ಮಳೆನೀರಿನಲ್ಲಿ ಒಮ್ಮೆ ಚೆನ್ನಾಗಿ ತೊಳೆದು ಹೋದರೆ ಸರಿ.

ಬದನೆಗೆ ಮಾತ್ರ ಎರಡು ಮಾತಿಲ್ಲ, ನೆಲವೇ. ಎರೆಯಲ್ಲಿ ಬೇರು ಆಳಕ್ಕೆ ಇಳಿದ ಗಿಡ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಕಾಯಿ ಕೊಟ್ಟಿತು. ಬ್ಯಾಗಿನದು ಡಿಸೆಂಬರ್‌ಗೇ ದಣಿಯಿತು.

ಈ ಸಲ ಎಳ್ಳ ಅಮಾವಾಸ್ಯೆಯ ಭಜ್ಜಿಗೆ ಬದನೆ, ಚವಳಿ, ಟೊಮೆಟೊ, ಪುಂಡಿ ಹಿತ್ತಲಿನಿಂದ ಬಂದವು, ಮೆಂತೆ, ಮೂಲಂಗಿ, ಕೊತ್ತಂಬರಿ ಮಾಳಿಗೆಯಿಂದ ಇಳಿದವು. ಹಸಿ ತೊಗರಿ, ಅವರೆ ಮಾತ್ರ ಅತ್ತೆಯ ಊರಿನಿಂದ ತರಿಸಿದೆವು. ಮುಂದಿನ ಮಿರಗ (ಮೃಗಶಿರಾ) ಮಳೆಗೆ 24 ಬ್ಯಾಗಿನಲ್ಲಿ 14 ಮಾತ್ರ ಇಟ್ಟುಕೊಂಡು, ಉಳಿದ ಬ್ಯಾಗಿನ ಕೆಂಪುಮಣ್ಣನ್ನು ನಾಲ್ಕನೇ ಮಡಿಗೆ ಸೇರಿಸುತ್ತಿದ್ದೇನೆ. ಎರೆ ಸ್ವಲ್ಪ ಸಡಿಲಾದರೆ ಅಲ್ಲಿ ಮೆಂತೆ ಬರುತ್ತದೋ ಏನೋ, ಹಾಕಿ ನೋಡುತ್ತೇನೆ.