ಮಾಯಾ ಬೇ ಪ್ಯಾಕೇಜಿಗೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಥಾಯ್ಲೆಂಡಿನ ಫುಕೆಟ್ ಪ್ಯಾಕೇಜಿನ ಒಂದು ಫೋಟೊ ಓಡಾಡ್ತಾ ಇದೆ. ಫುಕೆಟ್‌ನಿಂದ ಬೋಟಲ್ಲಿ ಹೋಗುವ ಫಿ ಫಿ ಲೇ ದ್ವೀಪದ ಮಾಯಾ ಬೇ ಬೀಚಿನದು. ಹಸಿರು ನೀರು, ಬಿಳಿ ಮರಳು, ಮೂತಿಗೆ ಬಣ್ಣದ ಬಟ್ಟೆ ಕಟ್ಟಿದ ಒಂದೇ ಒಂದು ಮರದ ದೋಣಿ, ಸುತ್ತ ನರಪಿಳ್ಳೆ ಇಲ್ಲ. ಅದನ್ನು ನೋಡಿ ದುಡ್ಡು ಹಾಕಬೇಡಿ. ದಸರಾ ರಜೆಗೆ ಅಂತ ನಾವು ಹಾಕಿದೆವು, ಜೊತೆಗೆ ಇನ್ನೆರಡು ಮನೆಯವರ ಕೈಯಲ್ಲೂ ಹಾಕಿಸಿದೆವು. ಈಗ ಅವರ ಮುಖ ನೋಡೋಕೆ ಆಗ್ತಿಲ್ಲ.

ಏಜೆಂಟ್ ಬರೆದು ಕಳಿಸಿದ್ದು ಇಷ್ಟು: ಪ್ರೈವೇಟ್ ಬೋಟ್, ಖಾಲಿ ಬೀಚ್, ಮಕ್ಕಳು ಆರಾಮಾಗಿ ಈಜಬಹುದು, ಎಲ್ಲಾ ಖರ್ಚು ಸೇರಿದೆ. ನಾಲ್ಕರಲ್ಲಿ ಒಂದೂ ನಿಜ ಅಲ್ಲ. ಒಂದೂ.

ಪ್ರೈವೇಟ್ ಬೋಟ್ ಅಂದಿದ್ದು ನಲವತ್ತು ಜನರನ್ನು ತುಂಬಿದ ಸ್ಪೀಡ್ ಬೋಟ್. ಹತ್ತುವ ಮೊದಲೇ ಕೌಂಟರಿನಲ್ಲಿ ನ್ಯಾಷನಲ್ ಪಾರ್ಕ್ ಫೀ ಅಂತ ದೊಡ್ಡವರಿಗೆ 400 ಬಾತ್ (ಥಾಯ್ಲೆಂಡಿನ ದುಡ್ಡು), ಮಕ್ಕಳಿಗೆ 200 ಕೇಳಿದರು. ವೋಚರ್ ತೋರಿಸಿದರೆ ಅವರು ಬೆರಳಿಟ್ಟು ತೋರಿಸಿದ್ದು ಕೆಳಗಿನ ಸಣ್ಣ ಅಕ್ಷರದ ಸಾಲನ್ನ: ಪಾರ್ಕ್ ಫೀ ಪ್ರತ್ಯೇಕ. ಆ ಫೀ ಸರಿಯಾದದ್ದೇ, ವಿದೇಶಿಯರೆಲ್ಲ ಕೊಡಲೇಬೇಕು. ಆದರೆ 'ಎಲ್ಲಾ ಸೇರಿದೆ' ಅಂದವರು ಯಾರು?

ಬೋಟ್ ಹೊರಟಾಗಲೇ ಒಂಬತ್ತು ದಾಟಿತ್ತು. ಅಲ್ಲೇ ಅರ್ಧ ಕೆಲಸ ಕೆಟ್ಟಿತು. ಫುಕೆಟ್, ಕ್ರಾಬಿ ಎರಡೂ ಕಡೆಯ ಬೋಟುಗಳು ಹತ್ತೂವರೆ ಹೊತ್ತಿಗೆ ಮಾಯಾ ಬೇ ಹತ್ತಿರವೇ ಬಂದು ಸೇರುತ್ತವೆ. ಬೋಟು ಈಗ ಮಾಯಾ ಬೇ ಒಳಗೆ ಹೋಗೋದೇ ಇಲ್ಲ. ದ್ವೀಪದ ಹಿಂಭಾಗದ ಲೋ ಸಮಾ ಕೊಲ್ಲಿಯಲ್ಲಿ ತೇಲುವ ಕಟ್ಟೆಗೆ ತಂದು ನಿಲ್ಲಿಸುತ್ತಾರೆ. ನಮಗಿಂತ ಮೊದಲು ಬಂದು ನಿಂತ ಬೋಟು ಜಾಗ ಬಿಡುವವರೆಗೆ ಅಲೆಯ ಮೇಲೆ ಕುಲುಕುತ್ತಾ ಕಾಯಬೇಕು, ವಾಂತಿ ಬರೋದು ಆಗಲೇ. ಇಳಿದ ಮೇಲೆ ಮರಗಳ ನಡುವಿನ ಹಲಗೆ ದಾರಿ, ಟಾಯ್ಲೆಟ್ ಕ್ಯೂ, ಆಮೇಲೆ ಬೀಚು. ಗೈಡ್ ಕೊಟ್ಟ ನಲವತ್ತೈದು ನಿಮಿಷದಲ್ಲಿ ಮರಳ ಮೇಲೆ ನಿಂತಿದ್ದು ಇಪ್ಪತ್ತೈದು. ಅದೂ ತಲೆಗೆ ತಲೆ ತಾಗುವ ಹಾಗೆ, ಫೋಟೊ ತೆಗೆಸೋಕೂ ಸಾಲು.

ಮಕ್ಕಳು ಈಜುವ ಟ್ಯೂಬ್ ಊದಿಸಿಕೊಂಡು ನೀರಿಗೆ ಓಡಿದರು. ಪೀಪೀ ಅಂತ ವಿಸಿಲ್! ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯುವ ಹಾಗಿಲ್ಲ, ಈಜೋದು ನಿಷೇಧ. ಗಾರ್ಡ್ ವಾಪಸ್ ಕಳಿಸಿದ. ಅವನದ್ದು ತಪ್ಪಲ್ಲ. ಜನ, ಬೋಟು ಹೆಚ್ಚಾಗಿ ಹವಳ ಹಾಳಾಯ್ತು ಅಂತ 2018ರ ಜೂನಿನಲ್ಲಿ ಆ ಬೀಚನ್ನೇ ಮುಚ್ಚಿದ್ದರು, ತೆರೆದಿದ್ದು 2022ರ ಜನವರಿ 1ಕ್ಕೆ, ಈ ಕಟ್ಟುಪಾಡುಗಳ ಜೊತೆಗೆ. ನಿಯಮ ಒಳ್ಳೆಯದೇ, ಇರಲೇಬೇಕು. ಅದನ್ನು ಮುಚ್ಚಿಟ್ಟು ಮಾರಿದ್ದು ಮೋಸ.

ಅಲ್ಲಿ ನಿಂತೇ ಮೊಬೈಲ್ ತೆಗೆದು ಏಜೆಂಟಿನ ಫೋಟೊ ನೋಡಿದಾಗ ಹೊಳೆಯಿತು. ಮರಳಿಗೆ ತಾಗಿ ನಿಂತ ದೋಣಿ! ಬೋಟು ಒಳಗೆ ಬರೋದೇ ನಿಂತಿದೆ ಅಂದಮೇಲೆ ಅದು ಬೀಚು ಮುಚ್ಚುವುದಕ್ಕಿಂತ ಹಿಂದಿನ ಫೋಟೊ. ಅಷ್ಟು ಹಳೆಯದನ್ನು ತೋರಿಸಿ ದುಡ್ಡು ಎಣಿಸಿಕೊಂಡಿದ್ದಾರೆ. ಹೊಟ್ಟೆ ಉರಿದು ಹೋಯಿತು.

ಅಲ್ಲಿಂದಲೇ ಫೋನ್ ಮಾಡಿದರೆ ಎತ್ತಲಿಲ್ಲ. ರಾತ್ರಿ ಮೆಸೇಜ್ ಬಂತು: "ಸಾರ್, ವೋಚರಲ್ಲಿ ಮಾಯಾ ಬೇ ವಿಸಿಟ್ ಅಂತ ಇತ್ತು, ವಿಸಿಟ್ ಆಯ್ತಲ್ವಾ?" ಖಾಲಿ ಬೀಚ್ ಅಂದಿದ್ರಲ್ಲ ಅಂತ ಕೇಳಿದ್ದಕ್ಕೆ, "ಸೀಸನ್ ಅಲ್ವಾ ಸಾರ್, ನಮ್ಮ ರಾಜಾಸೀಟಲ್ಲಿ ಜನ ಇರಲ್ವಾ?" ರಾಜಾಸೀಟಿನ ಭಾನುವಾರ, ಮಾಂದಲ್‌ಪಟ್ಟಿಯ ಜೀಪ್ ಸಾಲು ನಮಗೆ ಗೊತ್ತಿಲ್ವಾ? ಗೊತ್ತಿದ್ದಕ್ಕೇ ತಾನೇ ಜನ ಎಷ್ಟಿರ್ತಾರೆ ಅಂತ ಐದು ಸಲ ಕೇಳಿದ್ದು! ರಿಫಂಡ್ ಕೇಳಿದ ಮೇಲೆ ನೀಲಿ ಟಿಕ್ ಬಿಟ್ಟರೆ ಉತ್ತರ ಇಲ್ಲ.

ಹೋಗಲೇಬೇಕು ಅನ್ನುವವರು ಅಡ್ವಾನ್ಸಿಗೆ ಮೊದಲು ಬರಹದಲ್ಲಿ ತಗೊಳ್ಳಿ: ಬೋಟ್ ಎಷ್ಟು ಗಂಟೆಗೆ ಹೊರಡುತ್ತೆ, ಎಷ್ಟು ಸೀಟಿನದು, ಬೇರೆಯವರೂ ಇರ್ತಾರಾ, ಪಾರ್ಕ್ ಫೀ ಯಾರದ್ದು, ಮರಳ ಮೇಲೆ ಎಷ್ಟು ನಿಮಿಷ. ಆರು, ಆರೂವರೆಗೆ ಹೊರಡುವ ಬೋಟ್ ಇದ್ದರೆ ಮಾತ್ರ ಒಪ್ಪಿ. ಈಜೋ ಆಸೆ ಇದ್ದರೆ ಅಲ್ಲೇ ಹತ್ತಿರದ ಬ್ಯಾಂಬೂ ದ್ವೀಪ ಸೇರಿದೆಯಾ ನೋಡಿ. ಇನ್ನೊಂದು, ಆಗಸ್ಟ್, ಸೆಪ್ಟೆಂಬರಿನಲ್ಲಿ ಮಾಯಾ ಬೇ ಪ್ರತಿ ವರ್ಷ ಬಂದ್. ಮಳೆಗಾಲ, ತೋಟದಲ್ಲಿ ಕುಯ್ಲಿಲ್ಲ ಅಂತ ನಾವು ಹೊರಡುವ ತಿಂಗಳುಗಳೇ ಅವು. ಈ ಏಜೆಂಟ್ ಆಗಸ್ಟಿಗೂ ಇದೇ ಪ್ಯಾಕೇಜ್ ಮಾರ್ತಿದ್ದರು.

ನಿನ್ನೆ ಅದೇ ದೋಣಿ ಫೋಟೊ ಮತ್ತೆ ಸ್ಟೇಟಸ್ಸಿಗೆ ಹಾಕಿದ್ದಾರೆ. ಕ್ರಿಸ್ಮಸ್ ಸ್ಪೆಷಲ್ ಅಂತೆ, ಕೆಲವೇ ಸೀಟು ಉಳಿದಿವೆಯಂತೆ.